ಕೌದಿಯ ಕೊನೆಯ ಮೂಲೆ

ಸಾಮಾನುಗಳಿಗೆ ಪಾಸ್‌ಪೋರ್ಟ್ ಮಾಡಿಸಿಕೊಡುತ್ತೇನೆ ಅಂದರೆ ಜನ ನಗುತ್ತಾರೆ. ನಗಲಿ, ಮೊದಲು ಕೇಳಿದಾಗ ನನಗೂ ನಗು ಬಂದಿತ್ತು. ಯುರೋಪಿನವರು ಹೊಸ ಕಾಯ್ದೆ ತರುತ್ತಿದ್ದಾರೆ. ಅಲ್ಲಿ ಮಾರಾಟವಾಗುವ ಬಟ್ಟೆಬರೆಗೆ, ಬ್ಯಾಟರಿಗೆ, ಮಂಚ ಕುರ್ಚಿಗೆ ಒಂದು ಡಿಜಿಟಲ್ ಪಾಸ್‌ಪೋರ್ಟ್ ಇರಬೇಕಂತೆ. ಸಾಮಾನಿನ ಮೇಲಿನ ಟ್ಯಾಗಿಗೆ ಕೊಂಡವರು ಫೋನ್ ತಾಗಿಸಿದರೆ ಅದು ಯಾವುದರಿಂದ ಆಯಿತು, ಎಲ್ಲಿ ಆಯಿತು ಎಂಬುದೆಲ್ಲ ತೆರೆಯ ಮೇಲೆ ಬರಬೇಕು. ಅದಕ್ಕೆ ಇಲ್ಲಿನ ತಯಾರಕರನ್ನು ಸಜ್ಜು ಮಾಡುವುದು ಖರಾಡಿಯ ನಮ್ಮ ಆಫೀಸಿನ ಕೆಲಸ. ಎಸಿಯಲ್ಲಿ ಕೂತು ಪಾರದರ್ಶಕತೆ ಎಂಬ ಶಬ್ದವನ್ನು ದಿನಕ್ಕೆ ನೂರು ಸಲ ಆಡುತ್ತೇವೆ. ಆ ಶಬ್ದ ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ.

ಊರಿನ ಇನ್ನೊಂದು ಬದಿಯ ಬಿಬವೇವಾಡಿಯಲ್ಲಿ ಒಬ್ಬ ಮಾಲೀಕರಿದ್ದರು. ಹಳೆ ಸೀರೆಗಳಿಂದ ಕೌದಿ ಹೊಲಿಸಿ ಹೊರದೇಶಕ್ಕೆ ಕಳಿಸುವ ವ್ಯಾಪಾರ. ಪಾತ್ರೆ ಕೊಟ್ಟು ಮನೆಮನೆಯಿಂದ ಹಳೆ ಸೀರೆ ಕೊಳ್ಳುವ ಹೆಂಗಸರಿಂದ ಗಂಟುಗಟ್ಟಲೆ ತರಿಸಿ, ಒಗೆಸಿ, ಹೊಲಿಯಲು ಕೊಡುತ್ತಿದ್ದರು. ಯುರೋಪಿನ ಗಿರಾಕಿ ಕಾಯ್ದೆ ಬರುವ ಮೊದಲೇ ಟ್ಯಾಗ್ ಹಚ್ಚಿದ ಮಾಲು ಒಮ್ಮೆ ಕಳಿಸಿ ನೋಡಿ ಅಂದಿದ್ದಕ್ಕೆ ನಮ್ಮನ್ನು ಕರೆಸಿದ್ದರು. ಎಲ್ಲಿ ಹೊಲಿಯುತ್ತಾರೆ ಎಂದು ಕೇಳಿದೆ. "ಇಥೇಚ್" ಅಂದರು, ಇಲ್ಲೇ. ಅಲ್ಲಿದ್ದದ್ದು ಎರಡು ಹೊಲಿಗೆ ಮಷಿನ್, ಅವುಗಳ ಮೇಲೆ ಕುಡಿದಿಟ್ಟ ಚಹಾದ ಲೋಟಗಳು. ಕೈಹೊಲಿಗೆಯ ಕೌದಿ ಈ ಮಷಿನ್ನಿನಿಂದ ಹೇಗೆ ಬರುತ್ತದೆ, ನನ್ನ ಮುಂದೆ ನಾಟಕ ಬೇಡ ಎಂದು ಮರಾಠಿಯಲ್ಲೇ ಹೇಳಿದೆ. ಮುಖ ಸಣ್ಣಗೆ ಮಾಡಿಕೊಂಡು ಗುಡ್ಡದ ಬದಿಯ ವಸ್ತಿಗೆ, ಕೂಲಿಕಾರರ ಕೇರಿಗೆ, ಕರೆದುಕೊಂಡು ಹೋದರು. ಸತ್ಯ ಹೊರಗೆಡಹಿದೆನೆಂದು ಆ ದಿನ ನನಗೆ ಭಾರಿ ಹೆಮ್ಮೆ.

ಅಲ್ಲಿ ಏಳು ಜನ ಹೆಂಗಸರು, ಎಲ್ಲರೂ ಯಾದಗಿರಿ ಕಡೆಯವರು. ಮನೆಯ ಗಂಡಸರು ಕಟ್ಟಡದ ಕೆಲಸಕ್ಕೆ ಹೋದ ಮೇಲೆ ತಗಡಿನ ಮನೆಗಳ ಮುಂದೆ ಕಾಲು ಚಾಚಿ ಕೂತು ಹೊಲಿಯುತ್ತಿದ್ದರು. ಹಿರಿಯಳನ್ನು ಉಳಿದವರು ಆಯಿ ಅನ್ನುತ್ತಿದ್ದರು, ನಾನೂ ಅಂದೆ. ಈ ಊರಿನಲ್ಲಿ ವರ್ಷಗಟ್ಟಲೆ ಕಾಂಕ್ರೀಟ್ ಬುಟ್ಟಿ ಹೊತ್ತು ಹೊತ್ತು ಆಕೆಯ ಮೊಣಕಾಲು ಹೋಗಿದ್ದವು. ಗಂಡನಿಲ್ಲ, ಮಕ್ಕಳಾಗಿರಲಿಲ್ಲ. ಕೌದಿ ಬಿಟ್ಟರೆ ಬೇರೆ ಕೆಲಸ ಆಕೆಯಿಂದ ಆಗುತ್ತಿರಲಿಲ್ಲ. ಸುತ್ತುಬಳಸು ಇಲ್ಲದೆ ಕೇಳಿಯೇ ಬಿಟ್ಟಳು.

"ಅಕ್ಕಾರ, ನೀವು ಬಂದು ಈ ಕೆಲಸ ಬಿಡಸ್ತೀರೇನು? ಮೊದಲ ಅದು ಹೇಳ್ರಿ."

"ಬಿಡಸಂಗಿಲ್ಲ ಆಯಿ. ಪಕ್ಕಾ ಮಾಡ್ಲಿಕ್ಕೆ ಬಂದೀನಿ" ಅಂದೆ. ನನ್ನ ಧಾರವಾಡದ ಮಾತು ಕೇಳಿ ಹೆಂಗಸರೆಲ್ಲ ಹತ್ತಿರ ಸರಿದು ಕೂತರು. ಮಾಲೀಕರ ಮರಾಠಿ, ನಮ್ಮ ಆಫೀಸಿನ ಇಂಗ್ಲಿಷು ಮಾಡಲಾಗದ್ದನ್ನು ನನ್ನ ಕನ್ನಡ ಐದು ನಿಮಿಷದಲ್ಲಿ ಮಾಡಿತು. ಅವರು ನನ್ನನ್ನು ನಂಬಿದರು.

ಹೆಬ್ಬೆರಳಿನ ಉಗುರಿನಷ್ಟು ಅಗಲದ ಬಟ್ಟೆಯ ಟ್ಯಾಗ್ ಅದು. ಒಳಗೆ ಕೂದಲಿನಷ್ಟು ಸಣ್ಣ ತಂತಿ, ಅದಕ್ಕಂಟಿದ ಒಂದು ಚಿಪ್. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದನ್ನು ಒಳಗಿಟ್ಟು ಹೊಲಿಯಬೇಕು. ಅವರು ಅದಕ್ಕೆ ಚೀಟಿ ಎಂದು ಹೆಸರಿಟ್ಟರು.

"ಇದಕ್ಕ ಫೋನ್ ಹಿಡದ್ರ, ಯಾರು ಹೊಲದಾರ ಅಂತ ಅಲ್ಲಿ ಕೂತವರಿಗೆ ತಿಳೀತದ" ಅಂದೆ.

"ನನ್ನ ಹೆಸರು ಹೇಳ್ತದೇನ್ರಿ?" ಆಯಿ ಕೇಳಿದಳು.

"ಹೆಸರಲ್ಲ, ನಂಬರ. ನಿಮ್ಮದು ಮೂರು. ಮೂರು ಅಂದ್ರ ನೀವೇ."

ಆಯಿ ಟ್ಯಾಗನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಈ ಊರಾಗ ಎಷ್ಟು ಬಿಲ್ಡಿಂಗ್ ಕಟ್ಟೀನಿ, ಒಂದರ ಮ್ಯಾಲೂ ನಂದಂತ ಏನೂ ಇಲ್ಲ. ಇದರಾಗರೆ ಇರ್ಲಿ" ಅಂದಳು. ಆ ಮಾತನ್ನು ಮರುದಿನವೇ ಆಫೀಸಿನಲ್ಲಿ ಹೇಳಿ ಎಲ್ಲರಿಂದ ವಾಹ್ ಅನಿಸಿಕೊಂಡೆ. ಅಂಥ ಹೆಂಗಸು ನಾನು.

ಮೊದಲ ಕೌದಿ ನನ್ನೆದುರಿಗೇ ಮುಗಿಯಿತು. ನಾಲ್ಕನೆಯ ಮೂಲೆಗೆ ಬಂದಾಗ ಆಯಿ ಸೂಜಿಯನ್ನು ಸೆರಗಿಗೆ ಚುಚ್ಚಿ, ಒಳಗೆ ಹೋಗಿ ಒಂದು ಚಿಟಿಕೆ ಬಿಳಿಜೋಳ ತಂದಳು. ನನಗೆ ಕೂಡಲೇ ಗೊತ್ತಾಯಿತು. ನಮ್ಮಜ್ಜಿಯೂ ಹಾಗೆಯೇ ಮಾಡುತ್ತಿದ್ದಳು. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಕೊನೆಯ ಮೂಲೆಯಲ್ಲಿ ನಾಲ್ಕು ಕಾಳೋ, ಒಂದು ತುಣುಕು ಒಣರೊಟ್ಟಿಯೋ ಇಟ್ಟು ಹೊಲಿಯದೆ ಕೌದಿಯನ್ನು ಯಾರಿಗೂ ಹೊದಿಸಬಾರದು.

"ಹಸದ ಕೌದಿ ಹೊಚ್ಚಿಕೊಂಡವರಿಗೆ ನಿದ್ದಿ ಹತ್ತಂಗಿಲ್ರಿ" ಅಂದಳು. ಆಮೇಲೆ ಕೈ ತಡೆದು ನನ್ನ ಮುಖ ನೋಡಿದಳು. "ಹಾಕಲೇನ್ರಿ? ಚೀಟಿಗೇನರೆ ಆಗ್ತದೇನು?"

ಕಾಳು, ಟ್ಯಾಗ್ ಎರಡನ್ನೂ ಮೂಲೆಯೊಳಗೆ ಇಡಿಸಿ ಮೇಲಿನಿಂದ ಫೋನ್ ಹಿಡಿದೆ. ಫೋನ್ ಕಿಂಯ್ ಅಂದಿತು, ಮೂರನೆಯ ನಂಬರು ಬಂತು. "ಏನೂ ಆಗಂಗಿಲ್ಲ ಆಯಿ, ಹಾಕ್ರಿ" ಅಂದೆ. ಹೆಂಗಸರೆಲ್ಲ ನಕ್ಕರು. ನನ್ನ ತಲೆಯಲ್ಲಿ ಚಿಪ್ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಹಡಗಿನ ಡಬ್ಬಿಯಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಕಾಳು ಏನಾಗುತ್ತದೆ ಎಂದು ಅಡುಗೆಮನೆ ನಡೆಸುವ ಯಾವ ಹೆಂಗಸಿಗೂ ಗೊತ್ತು, ನನಗೂ ಗೊತ್ತಿರಬೇಕಿತ್ತು. ಪಾಸ್‌ಪೋರ್ಟಿನ ಫಾರ್ಮಿನಲ್ಲಿ ಒಂದು ಪ್ರಶ್ನೆಯೂ ಇತ್ತು: ಬಟ್ಟೆ, ದಾರ ಬಿಟ್ಟು ಇನ್ನೇನಾದರೂ ಒಳಗಿದೆಯೇ? ಕೊಟ್ಟಿದ್ದ ಪಟ್ಟಿಯಲ್ಲಿ ಗುಂಡಿ ಇತ್ತು, ಜಿಪ್ ಇತ್ತು, ಜೋಳ ಇರಲಿಲ್ಲ. ಬರೆದರೆ ಹತ್ತು ಪ್ರಶ್ನೆ ಬರುತ್ತವೆ, ಕೆಲಸ ತಡವಾಗುತ್ತದೆ. ಏನೂ ಇಲ್ಲ ಎಂದು ತುಂಬಿದೆ.

ಮಾಲು ಮಳೆಗಾಲದಲ್ಲಿ ಹೋಯಿತು. ದಸರೆ ಹತ್ತಿರ ಬಂದಾಗ ಗಿರಾಕಿಯಿಂದ ಮೇಲ್ ಬಂತು. ಒಂದು ಡಬ್ಬಿ ತೆರೆದಾಗ ನುಸಿ ಹರಿದಾಡುತ್ತಿದ್ದವಂತೆ. ಕೌದಿಗಳ ಮೂಲೆ ಬಿಚ್ಚಿ ನೋಡಿದರೆ ಕಾಳು ಹಿಟ್ಟಾಗಿತ್ತು. ಟ್ಯಾಗಿಗೆ ಫೋನ್ ಹಿಡಿದರು. ಕೆಟ್ಟ ಮೂರು ಕೌದಿಗಳೂ ಒಂದೇ ನಂಬರು ತೋರಿಸಿದವು.

ಏಳೂ ಜನ ಜೋಳ ಹಾಕಿದ್ದರು. ಉಳಿದವರದು ಅಂಗಡಿಯ ಜೋಳ, ಔಷಧಿ ಹೊಡೆದದ್ದು, ನುಸಿಯೂ ಮೂಸುವುದಿಲ್ಲ. ಆಯಿ ಮಾತ್ರ ಊರಿನ ತಮ್ಮನ ಮನೆಯಿಂದ ಬಂದ, ಔಷಧಿ ಹೊಡೆಯದ ಒಳ್ಳೆಯ ಜೋಳ ಹಾಕಿದ್ದಳು.

ಮರುದಿನ ಖರಾಡಿಯಲ್ಲಿ ಮೀಟಿಂಗ್. ನಮ್ಮ ಮೇಲಧಿಕಾರಿ ಬೆಂಗಳೂರಿನವನು, ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ಮುಖದಲ್ಲಿ ಹಬ್ಬದ ಕಳೆ. "ಮೇಡಂ, ಪ್ರಾಬ್ಲಂ ಬಿಡಿ, ಟ್ರೇಸ್ ಆಗಿದ್ದು ನೋಡಿ. ಸಮುದ್ರದ ಆಚೆಯಿಂದ ಡೈರೆಕ್ಟಾಗಿ ಒಬ್ಬಳ ಕೈವರೆಗೆ ಬಂದಿದಾರೆ. ಇದನ್ನೇ ಎಲ್ಲಾ ಕ್ಲೈಂಟ್‌ಗೂ ತೋರಿಸೋಣ" ಅಂದ. ಫೋನಿನ ಆ ತುದಿಯಲ್ಲಿ ಮಾಲೀಕರು, ಕಾಳು ಹಾಕಲು ಆ ಮುದುಕಿಗೆ ಹೇಳಿದವರು ಯಾರು ಎಂದು ಕೂಗಾಡುತ್ತಿದ್ದರು.

ನಾನು ಹೇಳಿದವಳು. ಬಾಯಿಬಿಟ್ಟು ಅಷ್ಟು ಹೇಳಿದ್ದರೆ ಸಾಕಿತ್ತು. ಆಯಿ ನನ್ನನ್ನೇ ಕೇಳಿದಳು, ನಾನೇ ಹಾಕಿ ಅಂದೆ, ಫಾರ್ಮಿನಲ್ಲಿ ಸುಳ್ಳು ಬರೆದವಳೂ ನಾನೇ. ಬೇರೆ ಕಡೆ ಎರಡು ಮಾತು ಹೆಚ್ಚೇ ಆಡುವ ನಾನು ಆ ದಿನ ಲ್ಯಾಪ್‌ಟಾಪ್ ತೆರೆದು ಮೂರನೆಯ ನಂಬರಿನ ವಿವರ ಹುಡುಕುತ್ತ ಕೂತೆ. ಮಾಲೀಕರೇ, ಈ ಜನ ಹೀಗೆಯೇ, ಹೇಳದೆ ಕೇಳದೆ ಮಾಡುತ್ತಾರೆ, ಆ ಮೂರನೆಯ ನಂಬರನ್ನು ಬಂದ್ ಮಾಡಿ ಅಂದರು. ನಂಬರು ಬಂದ್ ಆದರೆ ಹೊಲಿಯಲು ಬಟ್ಟೆ ಸಿಗುವುದಿಲ್ಲ; ಬಂದ್ ಮಾಡುವ ಅಧಿಕಾರ ಇದ್ದದ್ದು ನನಗೆ. ಅಲ್ಲೇ ಕೂತು ಮಾಡಿದೆ, ಮೂರು ಒತ್ತು ಸಾಕಾಯಿತು. ಆಮೇಲೆ ಹೊಲಿಯುವವರಿಗೆ ಒಂದು ಸೂಚನೆಯ ಹಾಳೆ ತಯಾರಿಸುತ್ತೇನೆ ಎಂದೆ. ಗುಡ್ ಅಂದ ಮೇಲಧಿಕಾರಿ.

ಹಾಳೆಯನ್ನು ಕನ್ನಡದಲ್ಲೇ ಬರೆದೆ. ಮೂಲೆಯೊಳಗೆ ಟ್ಯಾಗ್ ಬಿಟ್ಟು ಬೇರೆ ಏನನ್ನೂ ಇಡತಕ್ಕದ್ದಲ್ಲ. ಕೆಳಗೆ, ತಯಾರಿಸಿದವರು ಎಂಬಲ್ಲಿ ನನ್ನ ಹೆಸರು. ಅದನ್ನು ಓದಿ ಹೇಳಿ ಉಳಿದ ಆರು ಜನರ ಹೆಬ್ಬೆಟ್ಟು ತೆಗೆದುಕೊಳ್ಳಲು ವಸ್ತಿಗೆ ಹೋದೆ. ಆರೂ ಜನ ತಲೆ ಎತ್ತದೆ ಹೆಬ್ಬೆಟ್ಟು ಒತ್ತಿದರು. ಆಯಿ ತನ್ನ ಬಾಗಿಲಲ್ಲಿ, ಯಾವಾಗಲೂ ಕೂರುವ ಜಾಗದಲ್ಲೇ ಕೂತಿದ್ದಳು. ತೊಡೆಯ ಮೇಲೆ ಬಟ್ಟೆ ಇರಲಿಲ್ಲ. ಕೈಗಳಿಗೆ ಕೆಲಸವಿಲ್ಲದೆ ಸೆರಗಿನ ತುದಿಯನ್ನೇ ಮಡಚುತ್ತ ಬಿಚ್ಚುತ್ತ ಇದ್ದಳು.

ಹೇಳಬೇಕಾದದ್ದನ್ನು ನಾನು ಬರುವಾಗ ಕ್ಯಾಬ್‌ನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ. ತಪ್ಪು ನನ್ನದು ಆಯಿ, ಮಾಲೀಕರ ಮುಂದೆ ಹೇಳುತ್ತೇನೆ, ನಂಬರು ಮತ್ತೆ ಚಾಲೂ ಮಾಡಿಸುತ್ತೇನೆ. ಎದುರಿಗೆ ಕೂತು "ಆಯಿ" ಅಂದೆ.

"ಯಾರು ಹೊಲದಾರ ಅಂತ ಚೀಟಿ ಹೇಳ್ತದ ಅಂದಿದ್ರಿ" ಅಂದಳು ಆಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹೇಳ್ತು ನೋಡ್ರಿ, ಅಕ್ಕಾರ."

ಅವಳು ಪಕ್ಕದ ಮನೆಯ ಕಡೆ ತಿರುಗಿ ಅಲ್ಲಿಯವಳಿಗೆ ಚಹಾ ಇಡಲು ಹೇಳಿದಳು. ಆಮೇಲೆ ನನ್ನ ಕಡೆ ಬಾಗಿ, ಉಳಿದವರಿಗೆ ಕೇಳಿಸದ ಹಾಗೆ ಅಂದಳು:

"ಮಾಲೀಕ ಬಂದು ಭಾಳ ಕೇಳ್ದ, ಯಾರು ಹಾಕಂದ್ರು ಅಂತ. ನಾ ನಿಮ್ಮ ಹೆಸರು ಹೇಳಿಲ್ರಿ. ಇವರೂ ಯಾರೂ ಹೇಳಂಗಿಲ್ಲ. ನಿಮ್ಮ ಕೆಲಸನೂ ಯಾಕ ಹೋಗಬೇಕು."

ಆಗಲೂ ನಾನು ಹೇಳಲಿಲ್ಲ. ಚಹಾ ಬಂತು, ಕುಡಿದೆ. ಆರು ಹೆಬ್ಬೆಟ್ಟಿನ ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಕ್ಯಾಬ್ ಹತ್ತಿದೆ.

ಆ ಮೂರು ಕೌದಿಗಳ ಚಿತ್ರ ಈಗ ನಮ್ಮ ಆಫೀಸು ಹೊಸ ಗಿರಾಕಿಗಳಿಗೆ ತೋರಿಸುವ ಮೊದಲ ಸ್ಲೈಡು. ಎಲ್ಲಿ ತಪ್ಪಾಯಿತು, ಯಾರಿಂದ ಆಯಿತು ಎಂಬುದನ್ನು ನಮ್ಮ ಟ್ಯಾಗ್ ಹೇಗೆ ಹುಡುಕಿ ಕೊಡುತ್ತದೆ ಎಂದು ವಿವರಿಸಬೇಕು. ವಿವರಿಸುವವಳು ನಾನೇ.