ಆಯುಧಪೂಜೆಗೆ ಗುಡಿಸಿಟ್ಟ ಕಂಪ್ಯೂಟರ್

೧೯೯೭ರಲ್ಲಿ ನಾನು ಸರಸ್ವತಿಪುರಂನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಯಂತ್ರ ಮಾತ್ರ ಒಂದೇ: ರಕ್ತನಿಧಿಯ ಮೂಲೆಯಲ್ಲಿದ್ದ ಯುನಿಕ್ಸ್ ಕಂಪ್ಯೂಟರ್. ರಕ್ತದಾನಿಗಳ ಹೆಸರು, ಗುಂಪು, ಫೋನ್ ನಂಬರ್ ಎಲ್ಲ ಅದರಲ್ಲೇ. ಮೌಸು, ಚಿತ್ರ ಏನೂ ಇಲ್ಲ; ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಬೇಕು. ಅದನ್ನು ಓದಿ ಕೆಲಸ ಮಾಡಿಸುವ ಪ್ರೋಗ್ರಾಮಿಗೆ ಶೆಲ್ ಎನ್ನುತ್ತಾರೆ.

ಆಯುಧಪೂಜೆಯ ಬೆಳಿಗ್ಗೆ ಹತ್ತಕ್ಕೆ ದಟ್ಟಗಳ್ಳಿಯ ನಮ್ಮ ಮನೆಗೆ ಫೋನ್ ಬಂತು. ಹೆರಿಗೆಯಾದ ಹೆಂಗಸೊಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು, ಇದ್ದ ಎರಡು ಬಾಟಲಿ ಮುಗಿಯುತ್ತ ಬಂದಿದೆ. ಕಂಪ್ಯೂಟರ್ ನೋಡಿದರೆ ಯಾವ ಕಮಾಂಡ್ ಕೊಟ್ಟರೂ ‘ನಾಟ್ ಫೌಂಡ್’ ಅನ್ನುತ್ತಿದೆ.

ಹೋಗಿ ನೋಡಿದೆ. ಮಾನಿಟರಿಗೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಪಕ್ಕದಲ್ಲಿ ಆಪರೇಟರ್ ಮಹದೇವಪ್ಪ ಕೈಕಟ್ಟಿ ನಿಂತಿದ್ದರು.

“ಏನ್ ಮಾಡಿದ್ರಿ?”

“ಪೂಜೆಗೆ ಅಂತ ಕ್ಲೀನ್ ಮಾಡ್ದೆ ಮೇಡಂ. ಒಳಗೂ. ಯಾರೂ ಮುಟ್ಟದ ಫೈಲು ಬೇಕಾದಷ್ಟಿದ್ವು, ತೆಗೆದುಬುಟ್ಟೆ.”

ಅವರು ಗುಡಿಸಿ ಹಾಕಿದ್ದು ಕಮಾಂಡ್‌ಗಳನ್ನೇ. ಫೈಲುಗಳ ಪಟ್ಟಿ ತೋರಿಸುವುದು, ತೆರೆದು ಓದಿಸುವುದು, ಹುಡುಕುವುದು, ಒಂದೂ ಉಳಿದಿರಲಿಲ್ಲ. ಟೇಪಿನಲ್ಲಿ ಬ್ಯಾಕಪ್ ಇತ್ತು, ಅದನ್ನು ಇಳಿಸಿಕೊಳ್ಳುವ ಕಮಾಂಡೇ ಹೋಗಿತ್ತು. ದಾನಿಗಳ ಪಟ್ಟಿಯ ಹಳೆಯ ಪ್ರಿಂಟ್‌ಔಟ್‌ಗಳನ್ನು ಹಿಂದಿನ ದಿನ ರದ್ದಿಗೆ ಹಾಕಿದ್ದರು. ಯಂತ್ರ ಆರಿಸಿದರೆ ಮತ್ತೆ ಏಳುವುದಿಲ್ಲ, ಲಾಗ್‌ಔಟ್ ಆದರೆ ಒಳಗೆ ಬರಲು ದಾರಿಯಿಲ್ಲ. ತೆರೆದಿದ್ದ ಆ ಒಂದು ಪರದೆಯ ಮುಂದೆ ನಾನು ಸಿಕ್ಕಿಬಿದ್ದಿದ್ದೆ. ಆ ಭಯವನ್ನೆಲ್ಲ ಮಹದೇವಪ್ಪನವರ ಮೇಲೆ ತೀರಿಸಿಕೊಂಡೆ. ರಜೆಯ ದಿನ ನನಗೆ ತಾಪತ್ರಯ ಬೇಡವೆಂದು ಯಂತ್ರದ ಮುಖ್ಯ ಪಾಸ್‌ವರ್ಡನ್ನು ಅವರಿಗೆ ಕೊಟ್ಟವಳು ನಾನೇ. ಬಯ್ಯುವಾಗ ಅದು ನೆನಪಾಗಲಿಲ್ಲ. ಅವರು ನನಗಿಂತ ಹಿರಿಯರು ಅನ್ನುವುದೂ.

ವಾರ್ಡಿನಿಂದ ಬಂದು ಕಾಯುತ್ತಿದ್ದ ಸಿಸ್ಟರ್ ಲೀಲಾ ಕೊನೆಗೆ ತಡೆಯಲಾರದೆ ಹೇಳಿದರು: “ಬಯ್ಯೋದು ಆಮೇಲೆ ಬಯ್ಯೀರಂತೆ ಮೇಡಂ. ಇದ್ರಲ್ಲಿ ಏನಾದ್ರೂ ಉಳ್ದಿದ್ಯಾ, ಅದನ್ನ ನೋಡಿ.”

ಉಳಿದಿತ್ತು. ಕೆಲವು ಕಮಾಂಡ್‌ಗಳು ಡಿಸ್ಕಿನಲ್ಲಿ ಬೇರೆ ಫೈಲುಗಳಾಗಿರದೆ ಶೆಲ್ಲಿನೊಳಗೇ ಇರುತ್ತವೆ. ಅವು ಪೊರಕೆಗೆ ಸಿಕ್ಕಿರಲಿಲ್ಲ. ಅಂಥದ್ದೊಂದು ಎಕೋ, ಕೊಟ್ಟದ್ದನ್ನು ಪರದೆಯ ಮೇಲೆ ಬರೆಯುವುದಷ್ಟೇ ಅದರ ಕೆಲಸ. ಎಕೋ ಮುಂದೆ ನಕ್ಷತ್ರ ಚಿಹ್ನೆ ಹಾಕಿದೆ. ಶೆಲ್ ಆ ಚಿಹ್ನೆಯ ಜಾಗದಲ್ಲಿ ಅಲ್ಲಿದ್ದ ಫೈಲುಗಳ ಹೆಸರನ್ನೆಲ್ಲ ತುಂಬಿ ತೋರಿಸಿತು. ದಾನಿಗಳ ಫೈಲ್ ಇತ್ತು. ಸಾಲು ಓದುವ ಕಮಾಂಡೂ ಶೆಲ್ಲಿನೊಳಗೇ ಇತ್ತು; ಒಂದೊಂದೇ ಸಾಲು ಓದಿ ಎಕೋ ಮಾಡು ಎಂದೆ. ಸಾವಿರಾರು ಹೆಸರು ಕಣ್ಣಿಗೆ ಸಿಗದೆ ಮೇಲಕ್ಕೆ ಓಡಿದವು. ನಿಲ್ಲಿಸಲು ಹೋಗಿ ತಪ್ಪು ಕೀಲಿ ಒತ್ತಿದರೆ ಲಾಗ್‌ಔಟ್ ಆದೀತೆಂದು ಮುಗಿಯುವ ತನಕ ಸುಮ್ಮನೆ ಕಾದೆ. ಎರಡನೇ ಸಲ, ಸಾಲಿನಲ್ಲಿ ಓ ನೆಗೆಟಿವ್ ಇದ್ದರೆ ಮಾತ್ರ ತೋರಿಸು ಎಂಬ ಷರತ್ತು ಸೇರಿಸಿದೆ. ಒಂಬತ್ತು ಹೆಸರು ಬಂದು ನಿಂತವು.

ಮಹದೇವಪ್ಪ ಫೋನ್ ಹಿಡಿದು ಕೂತರು. ಹಬ್ಬದ ದಿನ, ಐದು ಕಡೆ ಯಾರೂ ಎತ್ತಲಿಲ್ಲ. ಆರನೆಯದು ಹಿನಕಲ್‌ನ ಮೇಷ್ಟ್ರೊಬ್ಬರ ಮನೆ. ಹೆಂಡತಿ ಎತ್ತಿ, ಪೂಜೆಗೆ ಕೂತಿದ್ದಾರೆ ಎಂದರಂತೆ. “ಎಬ್ಬಿಸಿ ಕಣಮ್ಮ, ಒಂದು ಜೀವ ಹೋಯ್ತದೆ” ಎನ್ನುತ್ತ ಮಹದೇವಪ್ಪ ಅತ್ತೇಬಿಟ್ಟರು. ಮೇಷ್ಟ್ರು ಉಟ್ಟ ಮಡಿಪಂಚೆಯಲ್ಲೇ ಆಟೋ ಹತ್ತಿ ಬಂದರು.

ಹೆಂಗಸು ಉಳಿದಳು. ಸಂಜೆ ಡಾಕ್ಟರು ನನ್ನ ಬೆನ್ನು ತಟ್ಟಿ, ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು. ಮಹದೇವಪ್ಪ ಅಲ್ಲೇ ಇದ್ದರು. ನಾನು ಅವರನ್ನು ಬಯ್ಯುತ್ತ ನಿಂತದ್ದೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಕೆಲಸದಲ್ಲಿ ಸಿಕ್ಕಿಬಿದ್ದಾಗ ಸಿಟ್ಟು ಈಗಲೂ ಬರುತ್ತದೆ. ಆದರೆ ಬಾಯಿ ತೆರೆಯುವ ಮೊದಲು ಒಂದು ವಿಷಯ ನೆನಪಿಸಿಕೊಳ್ಳುತ್ತೇನೆ: ಆ ಹತ್ತು ನಿಮಿಷ ನನ್ನದಾಗಿರಲಿಲ್ಲ, ಆ ಹೆಂಗಸಿನದಾಗಿತ್ತು.