‘ಹೋಗು’ ಎಂದ ದೀಪ

ಈಗ ದೊಡ್ಡ ಊರುಗಳಲ್ಲಿ ಕ್ಯಾಮೆರಾ ರಸ್ತೆ ನೋಡುತ್ತದಂತೆ, ಕಂಪ್ಯೂಟರು ಯೋಚನೆ ಮಾಡುತ್ತದಂತೆ, ಸಿಗ್ನಲ್ಲು ತಾನಾಗೇ ಬದಲಾಗುತ್ತದಂತೆ. ಆಗಲಿ, ಬಹಳ ಸಂತೋಷ. ಆದರೆ ಎಂಬತ್ತರ ದಶಕದಲ್ಲಿ ಹೂವಿನಹಡಗಲಿಯ ಒಂದು ಇಕ್ಕಟ್ಟಿನ ಓಣಿಗೆ ಬುದ್ಧಿ ಕಲಿಸಿದವನು ನಾನು. ಜಂಬ ಅನ್ನುವವರು ಅನ್ನಲಿ. ಇದು ಜಂಬವೇ.

ನನ್ನದು ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಅಂಗಡಿ. ಬಸ್ ನಿಲ್ದಾಣದಿಂದ ಪೇಟೆಗೆ ಬರುವ ಓಣಿ ಮೊಣಕೈಯಂತೆ ಬಾಗುವ ಜಾಗದಲ್ಲೇ ಇತ್ತು. ಅಂಗಡಿ ಕಟ್ಟೆ ಮೇಲೆ ಕೂತರೆ ನನಗೆ ಓಣಿಯ ಎರಡೂ ಬಾಯಿ ಕಾಣುತ್ತಿದ್ದವು. ಆದರೆ ಈ ಬಾಯಿಂದ ನುಗ್ಗುವವನಿಗೆ ಆ ಬಾಯಿಂದ ನುಗ್ಗುವವನು ಕಾಣುತ್ತಿರಲಿಲ್ಲ. ಪೇಟೆ ಕಡೆಯಿಂದ ಶೇಂಗಾ ಹೇರಿದ ಚಕ್ಕಡಿ, ನಿಲ್ದಾಣದ ಕಡೆಯಿಂದ ದಾವಣಗೆರೆಯ ಬೆಳಗಿನ ಬಸ್ಸು ಬಂದು, ಸರಿಯಾಗಿ ನನ್ನ ಅಂಗಡಿ ಮುಂದೆ ಮೂತಿಗೆ ಮೂತಿ ಹಚ್ಚಿ ನಿಲ್ಲುತ್ತಿದ್ದವು. ಆಮೇಲೆ ಬರೀ ಬೈಗುಳ. ಹಿಂದೆ ಸರಿದರೆ ಮನೆತನದ ಮರ್ಯಾದೆಯೇ ಹೋಯಿತು ಅಂತ ಯಾರೂ ಸರಿಯುತ್ತಿರಲಿಲ್ಲ.

ಓಣಿ ದಾಟಿದರೆ ಪೇಟೆ ಕಡೆ ಹೂವಿನ ಕಟ್ಟೆ. ಅಲ್ಲಿ ನಮ್ಮವ್ವ ಮಲ್ಲಿಗೆ ಮೊಗ್ಗಿನ ಬುಟ್ಟಿ ಇಟ್ಟುಕೊಂಡು ಆ ಬಸ್ಸಿಗೇ ಕಾಯುತ್ತಿದ್ದಳು. ಬಿಸಿಲೇರುವುದರೊಳಗೆ ಬುಟ್ಟಿ ದಾವಣಗೆರೆ ಮುಟ್ಟಬೇಕು. ಮೊಗ್ಗು ದಾರಿಯಲ್ಲೇ ಬಿರಿದರೆ ಕೇಳುವವರಿಲ್ಲ.

ಒಂದು ದಿನ ನಿಲ್ದಾಣದ ಕಂಟ್ರೋಲರ್ ಸಾಹೇಬರು ಅಂಗಡಿ ಮುಂದೆ ನಿಂತು ಹೇಳಿಯೇಬಿಟ್ಟರು.

“ಸಾಕಾಗೈತಿ. ಬರೋ ಸೋಮವಾರದಿಂದ ಬಸ್ಸು ಈ ಓಣಿಗೆ ಬರಂಗಿಲ್ಲ, ಊರ ಹೊರಗಿನ ದಾರಿ ಹಿಡೀತೈತಿ. ಹೂವಿನವರು ಬುಟ್ಟಿ ಹೊತ್ಕೊಂಡು ಕ್ರಾಸಿಗೆ ಬರ್ಲಿ.”

ಕ್ರಾಸು ಒಂದು ಮೈಲಿಯ ಮೇಲೆ. ಅವ್ವನ ಬಲಗಾಲಿನ ಮಂಡಿ ಮಡಚುತ್ತಿರಲಿಲ್ಲ, ಮನೆಯಿಂದ ಕಟ್ಟೆಗೆ ಬರುವಷ್ಟರಲ್ಲೇ ಮೂರು ಕಡೆ ಕೂರುತ್ತಿದ್ದಳು. ನಾನೇ ಹೊರುತ್ತೇನೆ ಅಂದರೆ ಕೇಳುವ ಹೆಂಗಸಲ್ಲ. “ನನ್ನ ಬುಟ್ಟಿ ನಾನ ಬಸ್ಸಿಗೇರಿಸ್ತೀನಿ. ಆಗಲಿಲ್ಲಾಂದ್ರ ಹೂವಿನ ಕೆಲಸಾನ ಬಿಡ್ತೀನಿ” ಅಂದಳು. ಹೂ ಬಿಟ್ಟರೆ ಅವ್ವ ಅವ್ವನಾಗಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕಂಟ್ರೋಲರ್ ಹತ್ತಿರ ಹೋಗಿ, “ಸೋಮವಾರ ಒಂದಿನ ಓಣಿಯಾಗ ಬರ್ರಿ ಸಾಹೇಬ್ರ. ಅವತ್ತೂ ಬಸ್ಸು ಸಿಕ್ಕೊಂಡ್ರ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ” ಅಂದೆ. ಅವರು ನಕ್ಕು ಒಪ್ಪಿದರು.

ಅಂಗಡಿಯ ಮೂಲೆಯಲ್ಲಿ ಎರಡು ಹಳೇ ಸ್ಟಾರ್ಟರ್ ಬಿದ್ದಿದ್ದವು. ಪಂಪು ಚಾಲೂ ಮಾಡುವ ಆ ಪೆಟ್ಟಿಗೆಯಲ್ಲಿ ಗುಂಡಿ ಒತ್ತಿದರೆ ಒಳಗಿನ ಕಾಯಿಲು ಟಕ್ಕನೆ ಎಳೆದುಕೊಂಡು ಕರೆಂಟು ಬಿಡುತ್ತದೆ. ಒಂದು ಎಳೆದುಕೊಂಡಾಗ ಇನ್ನೊಂದು ಏನು ಮಾಡಿದರೂ ಎಳೆದುಕೊಳ್ಳದಂತೆ ತಂತಿ ಜೋಡಿಸಿದೆ. ಅಂದರೆ ಓಣಿಯ ಎರಡೂ ಬಾಯಲ್ಲಿ ಹಸಿರು ದೀಪ ಒಟ್ಟಿಗೆ ಹತ್ತುವ ಮಾತೇ ಇಲ್ಲ. ಎರಡನ್ನೂ ಒತ್ತದೆ ಬಿಟ್ಟರೆ ಎರಡೂ ಕಡೆ ಕೆಂಪು. ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ ಅಕ್ಷರ ಕೊರೆದು, ಹಿಂದೆ ಬಣ್ಣದ ಕಾಗದ ಅಂಟಿಸಿ, ಒಳಗೆ ಬಲ್ಬು ಇಟ್ಟು, ಓಣಿಯ ಎರಡೂ ಬಾಯಲ್ಲಿ ತೂಗುಹಾಕಿ, ಅಂಗಡಿಯ ಸ್ಟಾರ್ಟರ್ ತನಕ ತಂತಿ ಎಳೆದೆ. ಕೆಂಪಿಗೆ ‘ನಿಲ್ಲು’. ಹಸಿರಿಗೆ ‘ಹೋಗು’.

ಶನಿವಾರ ಬೆಳಿಗ್ಗೆ ಪರೀಕ್ಷೆ. ಪೇಟೆ ಕಡೆ ಹಸಿರು ಹತ್ತಿಸಿದೆ. ಮುಂದಿದ್ದ ಚಕ್ಕಡಿಯ ಹಿರಿಯರು ಡಬ್ಬಿಯನ್ನು ಒಂದೊಂದೇ ಅಕ್ಷರ ಓದಿದರು. ಓದಿ ಕಣ್ಣು ಕೆಂಪಗೆ ಮಾಡಿದರು.

“ಯಾರಿಗಲೇ ಹೋಗು ಅಂತೀ? ನಾ ಹೋಗಂಗಿಲ್ಲ, ನೀ ಹೋಗು!”

ಅಂದವರೇ ಎತ್ತುಗಳನ್ನು ನೊಗದಿಂದ ಬಿಚ್ಚಿ, ಓಣಿಯ ಬಾಯಿಗೇ ಚಕ್ಕಡಿ ಅಡ್ಡ ಬಿಟ್ಟು ಕೂತರು. ಹಿಂದೆ ಬಂದ ಹೂವಿನ ಹೆಂಗಸರು, “ಮುಂಜಾನೆದ್ದು ತಲಿ ಮ್ಯಾಲ ಹೂ ಹೊತ್ಕೊಂಡು ಬಂದ್ರ ಹೋಗು ಅಂತೈತಲ್ಲ ಈ ಡಬ್ಬಿ, ಇದರ ಮಾರಿ ಸುಡ್ಲಿ!” ಎಂದು ಶಾಪ ಹಾಕಿದರು. ಅಷ್ಟು ದೊಡ್ಡ ಗದ್ದಲ ಆ ಓಣಿ ಹಿಂದೆಂದೂ ಕಂಡಿರಲಿಲ್ಲ. ಬಸ್ಸು ಹೊರಡುವಷ್ಟರಲ್ಲಿ ಅವ್ವನ ಅರ್ಧ ಬುಟ್ಟಿ ಬಿರಿದಿತ್ತು.

ನನಗೆ ಊರಿನ ಮೇಲೆಲ್ಲ ಸಿಟ್ಟು. ಸ್ಕ್ರೂಡ್ರೈವರ್ ಬಿಸಾಕಿ ಕೂತಿದ್ದಾಗ ಅವ್ವ ಕುಂಟುತ್ತ ಬಂದಳು.

“ಭಾಳ ಶಾಣ್ಯಾ ಅದೀ ನೋಡಪ್ಪ. ಮನಿ ಬಿಟ್ಟು ಹೊರಟವರೂ ಬರ್ತೀನಿ ಅಂತಾರ. ಹೋದ ಅಂದ್ರ ಸತ್ತ ಅಂತ ಅರ್ಥ. ಹಿರೇರ ಮಾರಿಗೆ ಹಿಡದು ಹೋಗು ಅಂತ ದೀಪ ಹಚ್ಚೀಯಲ್ಲೋ ಮೂಳ!”

“ಮತ್ತೇನು ಬರೀಲಿ?”

“ಬರ್ರಿ ಅಂತ ಬರಿ. ಕರದ್ರ ಯಾರು ಒಲ್ಲೆ ಅಂತಾರ?”

ಭಾನುವಾರವಿಡೀ ಉಳಿ ಹಿಡಿದು ಕೂತೆ. ತಗಡಿನಲ್ಲಿ ‘ಬರ್ರಿ’ ಕೊರೆಯುವುದು ಸುಲಭವಲ್ಲ. ‘ರ’ದ ಹೊಟ್ಟೆಯೊಳಗಿನ ಚೂರು ಪಟ್ಟನೆ ಉದುರುತ್ತದೆ. ಎರಡು ಡಬ್ಬಿ ಹಾಳಾದವು. ಕೆಂಪು ದೀಪಕ್ಕೂ ಮರ್ಯಾದೆ ಕೊಟ್ಟು ‘ತಡೀರಿ’ ಎಂದು ಕೊರೆದೆ.

ಸೋಮವಾರ. ಕಂಟ್ರೋಲರ್ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತೇ ಬಂದರು. ಪೇಟೆಯ ಬಾಯಲ್ಲಿ ಅದೇ ಹಿರಿಯರ ಚಕ್ಕಡಿ, ಹಿಂದೆ ಇನ್ನೂ ನಾಲ್ಕು. ಎರಡೂ ಕಡೆ ‘ತಡೀರಿ’ ಇತ್ತು. ಹಿರಿಯರು ಡಬ್ಬಿ ಓದಿದರು, ಹಗ್ಗ ಜಗ್ಗಿ ಎತ್ತು ನಿಲ್ಲಿಸಿದರು. “ರಿ ಹಚ್ಚಿ ಹೇಳಿದ ಮ್ಯಾಲ ತಡೀದ ಏನು ಮಾಡೋದು!” ಎಂದು ಗೊಣಗಿದ್ದು ನನ್ನ ತನಕ ಕೇಳಿಸಿತು.

ಗುಂಡಿ ಒತ್ತಿದೆ. ಟಕ್! ನಿಲ್ದಾಣದ ಕಡೆ ‘ಬರ್ರಿ’ ಬೆಳಗಿತು. ಬಸ್ಸು ಹಾರನ್ ಕೂಡ ಬಾರಿಸದೆ ಓಣಿ ಹೊಕ್ಕು, ನನ್ನ ಮುಂದೆ ಬಾಗಿ, ಸಲೀಸಾಗಿ ದಾಟಿತು. ಆಮೇಲೆ ಚಕ್ಕಡಿಗಳಿಗೆ ‘ಬರ್ರಿ’. ಐದೂ ಒಂದರ ಹಿಂದೊಂದು ದಾಟಿದವು. ಎರಡೂ ಕಡೆ ‘ತಡೀರಿ’ ಹಚ್ಚಿ ನಾನು ಹುಚ್ಚನಂತೆ ಹೂವಿನ ಕಟ್ಟೆಗೆ ಓಡಿದೆ.

ಕಂಟ್ರೋಲರ್ ಗಡಿಯಾರ ನೋಡಿಕೊಳ್ಳುತ್ತಿದ್ದರು. ನನ್ನನ್ನು ಕಂಡು, “ಗೆದ್ದೆಲ್ಲೋ ಮಗನ! ಬಸ್ಸು ದಿನಾ ಇಲ್ಲೇ ಬರ್ತೈತಿ” ಅಂದರು. ನನಗೆ ಅಳು ಬಂತು, ನಾಚಿಕೆ ಬಿಟ್ಟು ನಡುಬೀದಿಯಲ್ಲೇ ಅತ್ತೆ. ಅಷ್ಟರಲ್ಲಿ ಅವ್ವ ತನ್ನ ಬುಟ್ಟಿಯನ್ನು ತಾನೇ ಎತ್ತಿ ಕಂಡಕ್ಟರನ ಕೈಗಿತ್ತು, ಸೊಂಟದ ಮೇಲೆ ಕೈಯಿಟ್ಟು, ಕಟ್ಟೆಯ ಹೆಂಗಸರೆಲ್ಲ ಕೇಳುವಂತೆ ಕೂಗಿದಳು:

“ಡಾಕ್ಟ್ರು ಕೈ ಬಿಟ್ಟ ನನ್ನ ಕಾಲು ನನ್ನ ಮಗ ರಿಪೇರಿ ಮಾಡ್ಯಾನ, ನೋಡ್ರೇ!”