ಲಾಭ ಸೊನ್ನೆ

ಮಲಯಾಳ ಸೀಮೆಯ ಚಾಲೈ ಪೇಟೆಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಅಕ್ಷರ ಕಲಿಸಿದ್ದರು. ಅದರಿಂದ ಜನಕ್ಕೆ ಎಷ್ಟು ಲಾಭವಾಯಿತೆಂದು ಅಳೆಯುವ ಕೆಲಸ ನನ್ನದು. ಹತ್ತಿರದ ತಂಪಾನೂರಿನ ಲಾಡ್ಜಿನಲ್ಲಿ ಮೂರು ತಿಂಗಳಿಂದ ಒಬ್ಬನೇ ಇದ್ದೆ. ಕನ್ನಡ ಮಾತಾಡುತ್ತಿದ್ದುದು ಭಾನುವಾರ, ಎಸ್‌ಟಿಡಿ ಬೂತಿನಲ್ಲಿ ಮಾತ್ರ.

ಅಜ್ಜಿಯೊಬ್ಬರು ಚಾಯ ಕೊಟ್ಟು ಕೂರಿಸಿದರು. "ಈಗ ಓದಲು ಬರುತ್ತದೆಯೇ?" ಎಂದು ಫಾರಂ ನೋಡಿಕೊಂಡು ನನ್ನ ಹರಕು ಮಲಯಾಳದಲ್ಲಿ ಕೇಳಿದೆ.

"ಮೊದಲೇ ಬರುತ್ತಿತ್ತು ಮೋನೇ," ಎಂದು ಮಗನನ್ನು ಕರೆಯುವಂತೆ ಕರೆದು ಅಜ್ಜಿ ನಕ್ಕರು. "ಹಾಗಂತ ಹೇಳಿದ್ದರೆ ಪಾಠ ಹೇಳುವ ಆ ಹುಡುಗಿ ಬರುವುದನ್ನೇ ನಿಲ್ಲಿಸುತ್ತಿದ್ದಳು. ಅದಕ್ಕೇ ವರ್ಷವಿಡೀ ತಪ್ಪುತಪ್ಪಾಗಿ ಬರೆದೆ."

ಫಾರಮ್ಮಿನ ಪ್ರಕಾರ ಅಜ್ಜಿಗಾದ ಲಾಭ ಸೊನ್ನೆ. ಹಾಗೇ ಬರೆದೆ. ಏಳುವಾಗ, ಇನ್ನೂ ಕೆಲವು ಪ್ರಶ್ನೆಗಳಿವೆ, ನಾಳೆ ಬರುತ್ತೇನೆ ಎಂದೆ.

ಫಾರಂ ಆಗಲೇ ಪೂರ್ತಿ ತುಂಬಿತ್ತು.